ಕಟ್ಟಿದಾಕೆ ಹೊರಗೆ, ಹಾಡುವವರು ಒಳಗೆ



ಕಳೆದ ಕಾರ್ಮಿಕರ ದಿನದಂದು ಸೂಳಗಿರಿಯ ನಮ್ಮ ಸಭೆ ಹೇಗೆ ನಡೆಯಿತೆಂಬುದು ನಿಮಗೆ ನೆನಪಿರಬೇಕು. ಶಾಮಿಯಾನ ಹಾಕಿತ್ತು, ಮೈಕು ಬಂದಿತ್ತು, ವೇದಿಕೆಯ ಮೇಲೆ ಒಂಬತ್ತು ಕುರ್ಚಿ ಇದ್ದವು. ಜನ ಮಾತ್ರ ಇರಲಿಲ್ಲ. ಬಿಸಿಲು ಏರುತ್ತಿತ್ತು. ಆಗ ನಾವೇ ಹೋಗಿ ಗುಲಾಬಿ ತೋಟದ ಹೆಂಗಸರ ಮುಂದೆ ಕೈಮುಗಿದು, ‘ಅಕ್ಕಂದಿರೇ, ನಾಲ್ಕು ಹಾಡು ಹಾಡಿ, ಜನ ಬರಲಿ’ ಎಂದು ಕೇಳಿಕೊಂಡೆವು. ಅವರು ಹಾಡಿದರು. ಹೂ ಕೊಯ್ಯುವ ಹಾಡು, ಮೇಸ್ತ್ರಿಯನ್ನು ಗೇಲಿ ಮಾಡುವ ಹಾಡು, ತವರನ್ನು ನೆನೆಯುವ ಹಾಡು. ಲೈನ್ ಮನೆಗಳಿಂದ ಜನ ಎದ್ದು ಬಂದರು. ಅರ್ಧ ಗಂಟೆಯಲ್ಲಿ ಶಾಮಿಯಾನ ತುಂಬಿತು.

ಆಮೇಲೆ ಏನಾಯಿತು? ಮೈಕನ್ನು ಅವರ ಕೈಯಿಂದ ತೆಗೆದುಕೊಂಡೆವು. ಒಂಬತ್ತು ಕುರ್ಚಿಗಳಲ್ಲಿ ಒಂಬತ್ತು ಗಂಡಸರು ಕುಳಿತೆವು. ಹೆಣ್ಣಾಳಿಗೂ ಗಂಡಾಳಿಗೂ ಒಂದೇ ಕೂಲಿ ಬೇಕೆಂದು ಎರಡು ಗಂಟೆ ಭಾಷಣ ಮಾಡಿದೆವು. ಹಾಡಿದ ಅಕ್ಕಂದಿರು ಟೀ ಕಾಯಿಸಲು ಹಿಂದಕ್ಕೆ ಹೋದರು. ಮಾರನೆಯ ದಿನ ಬರೆದ ವರದಿಯಲ್ಲಿ ಒಂಬತ್ತು ಗಂಡಸರ ಹೆಸರೂ ಸರಿಯಾಗಿ ಬಂದವು. ಹಾಡಿದವರ ಬಗ್ಗೆ ಬಂದದ್ದು ಒಂದೇ ಸಾಲು: ‘ಮಹಿಳೆಯರಿಂದ ಪ್ರಾರ್ಥನಾ ಗೀತೆ’. ಅದು ಪ್ರಾರ್ಥನಾ ಗೀತೆಯೂ ಆಗಿರಲಿಲ್ಲ. ಬರೆದವರು ನಾವೇ.

ವಾರ ಕಳೆದ ಮೇಲೆ ಅವರಲ್ಲೊಬ್ಬರು ಹೂವಿನ ಬಕೆಟ್ಟು ಕೆಳಗಿಟ್ಟು ನಮ್ಮನ್ನು ನಿಲ್ಲಿಸಿ ಕೇಳಿದರು: ‘ಏನಣ್ಣಾ ಉಪದೇಶಿಗಳೇ, ನಮ್ಮ ಗಂಟಲು ಬೇಕು, ನಮ್ಮ ಮಾತು ಬೇಡವಾ?’

ನಮ್ಮ ಬಾಯಲ್ಲಿ ಉತ್ತರವಿರಲಿಲ್ಲ. ಇಂದು ಬರೆಯುತ್ತಿರುವುದು ಆ ಪ್ರಶ್ನೆಗೆ ತಡವಾದ ಉತ್ತರ. ಇದರಲ್ಲಿ ಕೆಲವರಿಗೆ ಕಹಿ ಇರುತ್ತದೆ. ನಮಗೂ ಕಹಿಯೇ.

ನಂಜನಗೂಡಿನ ಹುಡುಗಿ

ನೂರು ವರ್ಷದ ಹಿಂದೆ ಇದೇ ಪ್ರಶ್ನೆಯನ್ನು ಇನ್ನೊಬ್ಬಾಕೆ ಕೇಳಿದ್ದರು. ಬಾಯಲ್ಲಿ ಕೇಳಿ ಸುಮ್ಮನಾಗಲಿಲ್ಲ, ಕಲ್ಲು ಸುಣ್ಣದಲ್ಲಿ ಕಟ್ಟಿ ಕೇಳಿದರು. ಅವರ ಹೆಸರು ಬೆಂಗಳೂರು ನಾಗರತ್ನಮ್ಮ. ಸಂಗೀತದ ಪಂಡಿತರಿಗೆ ಈ ಹೆಸರು ಗೊತ್ತು. ನಮ್ಮ ತೋಟಗಳಲ್ಲಿ ಗೊತ್ತಿಲ್ಲ. ಆದರೆ ಆಕೆಯ ಬಾಳಿನ ಪಾಠ ಪಂಡಿತರಿಗಿಂತ ನಮಗೇ ಹೆಚ್ಚು ಬೇಕಾಗಿದೆ.

ಅವರು ಹುಟ್ಟಿದ್ದು 1878ರ ನವೆಂಬರ್ 3ರಂದು, ಮೈಸೂರು ಸೀಮೆಯ ನಂಜನಗೂಡಿನಲ್ಲಿ. ತಾಯಿ ಪುಟ್ಟಲಕ್ಷ್ಮಿ ದೇವದಾಸಿ ಮನೆತನದವರು. ತಂದೆ ಎನಿಸಿಕೊಂಡವರು ವಕೀಲರು. ಮಗು ಸಣ್ಣದಿರುವಾಗಲೇ ತಾಯಿ ಮಗಳಿಬ್ಬರನ್ನೂ ಕೈಬಿಟ್ಟರು. ಮೈಸೂರಿನಲ್ಲಿ ಒಬ್ಬ ವಿದ್ವಾಂಸರು ಹುಡುಗಿಗೆ ಸಂಸ್ಕೃತ, ಸಂಗೀತ ಹೇಳಿಕೊಟ್ಟರು. ಆ ಆಸರೆಯೂ ಅರ್ಧದಲ್ಲೇ ಕಳಚಿತು. ತಾಯಿ ಎದೆಗುಂದಲಿಲ್ಲ. ಮಗಳನ್ನು ಕರೆದುಕೊಂಡು ಊರು ಬಿಟ್ಟರು. ಕೊನೆಗೆ ಬೆಂಗಳೂರಿನಲ್ಲಿ ಮುನಿಸ್ವಾಮಪ್ಪನವರೆಂಬ ಗುರು ಸಿಕ್ಕರು. ಪಾಠ ಸಾಗುತ್ತಿರುವಾಗಲೇ ತಾಯಿ ತೀರಿಕೊಂಡರು. ಹುಡುಗಿಗೆ ಆಗ ಹದಿನಾಲ್ಕರ ಆಸುಪಾಸು ವಯಸ್ಸು.

ತಂದೆ ಬಿಟ್ಟುಹೋದ, ತಾಯಿ ತೀರಿಹೋದ ಹದಿನಾಲ್ಕರ ಹುಡುಗಿ. ನಮ್ಮ ಲೈನ್ ಮನೆಗಳಲ್ಲಿ ಅಂಥ ಮಕ್ಕಳು ಎಷ್ಟು ಜನ ಇದ್ದಾರೆಂದು ನಾವು ಬೆರಳು ಮಡಿಸಿ ಎಣಿಸಬಲ್ಲೆವು. ಅವರು ಏನಾಗುತ್ತಾರೆಂಬುದೂ ಗೊತ್ತು. ಆದರೆ ಈ ಹುಡುಗಿ ಕನ್ನಡ, ತೆಲುಗು, ತಮಿಳು, ಸಂಸ್ಕೃತ ಕಲಿತಳು. ಹಾಡಿದಳು, ಕುಣಿದಳು. ಮೈಸೂರು ಅರಮನೆ ಕರೆದು ಕೇಳಿತು. ಆಮೇಲೆ ಮದರಾಸಿಗೆ ಹೋಗಿ ನೆಲೆಸಿದರು. ಗ್ರಾಮಫೋನು ನಮ್ಮ ದೇಶಕ್ಕೆ ಬಂದ ಮೊದಲ ವರ್ಷಗಳಲ್ಲೇ ಅವರ ಕಂಠ ತಟ್ಟೆಯ ಮೇಲೆ ಕೂತಿತು. ಸ್ವಂತ ದುಡಿಮೆಯಲ್ಲಿ ಮನೆ ಮಾಡಿದರು. ಮದರಾಸಿನ ಹಾಡುಗಾರ್ತಿಯರಲ್ಲಿ ವರಮಾನ ತೆರಿಗೆ ಕಟ್ಟಿದ ಮೊದಲಿಗರು ಅವರೇ ಎಂದು ಹೇಳುತ್ತಾರೆ.

ಇಲ್ಲಿ ಒಂದು ಮಾತನ್ನು ಎಳೆಯರು ತಿಳಿದುಕೊಳ್ಳಬೇಕು. ಆ ಕಾಲದಲ್ಲಿ ಮರ್ಯಾದಸ್ಥರ ಮನೆಯ ಹೆಣ್ಣು ಸಭೆಯಲ್ಲಿ ಹಾಡುವಂತಿರಲಿಲ್ಲ. ಹಾಡಬಲ್ಲ ಹೆಣ್ಣು ಎಂದರೆ ದೇವದಾಸಿ. ಸಂಗೀತ, ನೃತ್ಯ, ಪದ, ಜಾವಳಿ ಇವನ್ನೆಲ್ಲ ತಲೆಮಾರಿನಿಂದ ತಲೆಮಾರಿಗೆ ಕಾಪಾಡಿಕೊಂಡು ಬಂದವರಲ್ಲಿ ಆ ಮನೆಗಳ ತಾಯಂದಿರು ದೊಡ್ಡ ಪಾಲಿನವರು. ಸಂಜೆ ಅವರ ಹಾಡಿಗೆ ತಲೆದೂಗಿದವರೇ ಬೆಳಗ್ಗೆ ಅವರ ಹೆಸರೆತ್ತಿದರೆ ಉಗಿಯುತ್ತಿದ್ದರು. ಹಾಡು ಬೇಕು, ಹಾಡುವವಳು ಬೇಡ. ಈ ನೀತಿ ಕಾರ್ಮಿಕರ ದಿನದ ಸಭೆಯಲ್ಲಿ ನಾವು ಹೊಸದಾಗಿ ಕಂಡುಹಿಡಿದದ್ದಲ್ಲ.

ಪುಸ್ತಕಕ್ಕೆ ಬೀಗ

ನಾಗರತ್ನಮ್ಮನವರಿಗೆ ಓದಿನ ಹುಚ್ಚು. ತಂಜಾವೂರಿನ ಅರಮನೆಯಲ್ಲಿ ಹದಿನೆಂಟನೆಯ ಶತಮಾನದಲ್ಲಿ ಮುದ್ದುಪಳನಿ ಎಂಬ ದೇವದಾಸಿ ಕವಯಿತ್ರಿ ಇದ್ದರು. ಆಕೆ ತೆಲುಗಿನಲ್ಲಿ ‘ರಾಧಿಕಾ ಸಾಂತ್ವನಮು’ ಎಂಬ ಕಾವ್ಯ ಬರೆದಿದ್ದರು. ಅದು ಅಚ್ಚಾಗಿದ್ದದ್ದು ಅರೆಬರೆಯಾಗಿ. ಕವಯಿತ್ರಿ ತನ್ನ ತಾಯಿ ಅಜ್ಜಿಯರ ಬಗ್ಗೆ, ತನ್ನ ಬಗ್ಗೆ ಹೇಳಿಕೊಂಡ ಭಾಗವನ್ನೇ ಕಿತ್ತುಹಾಕಿದ್ದರು. ನಾಗರತ್ನಮ್ಮನವರು ಹಳೆಯ ಹಸ್ತಪ್ರತಿ ದೊರಕಿಸಿ, ಎರಡನ್ನೂ ಹೋಲಿಸಿ, ಬಿಟ್ಟದ್ದನ್ನೆಲ್ಲ ಸೇರಿಸಿ 1910ರಲ್ಲಿ ಮದರಾಸಿನ ವಾವಿಳ್ಳ ಪ್ರೆಸ್ಸಿನಿಂದ ಹೊರತಂದರು.

ಕೂಡಲೇ ಗದ್ದಲವೆದ್ದಿತು. ಪುಸ್ತಕದಲ್ಲಿ ಶೃಂಗಾರವಿದೆ, ಹೆಣ್ಣಿನ ಬಾಯಲ್ಲಿ ಅಂಥ ಮಾತು ಬರಬಾರದು ಎಂದರು. ಹೀಗೆಂದವರು ಕೆಡುಕರೂ ಅಲ್ಲ. ವಿಧವೆಯರ ಮದುವೆಗಾಗಿ ಹೋರಾಡಿದ ಆಂಧ್ರದ ದೊಡ್ಡ ಸುಧಾರಕ ಕಂದುಕೂರಿ ವೀರೇಶಲಿಂಗಂ ಅವರೇ ಆ ಕವಯಿತ್ರಿಯನ್ನು ಜರೆದಿದ್ದರು. ನಾಗರತ್ನಮ್ಮನವರು ಸುಮ್ಮನಿರಲಿಲ್ಲ. ಗಂಡಸು ಕವಿಗಳು ಇದಕ್ಕಿಂತ ಹೆಚ್ಚಿನದನ್ನು ಬರೆದಾಗ ಕಾವ್ಯವೆಂದು ಹೊಗಳುತ್ತೀರಿ, ಹೆಣ್ಣು ಬರೆದಾಗ ಮಾತ್ರ ನಾಚಿಕೆ ಬರುತ್ತದೆಯೋ ಎಂದು ಕೇಳಿದರು. ಉತ್ತರ ಕೊಟ್ಟವರು ಪಂಡಿತರಲ್ಲ, ಪೊಲೀಸರು. 1911ರಲ್ಲಿ ಬ್ರಿಟಿಷ್ ಸರ್ಕಾರ ಪುಸ್ತಕವನ್ನು ಅಶ್ಲೀಲವೆಂದು ಸಾರಿ ಪ್ರತಿಗಳನ್ನು ಹಿಡಿದುಕೊಂಡಿತು. ಆ ಬೀಗ ತೆಗೆದದ್ದು 1947ರಲ್ಲಿ, ಟಂಗುಟೂರಿ ಪ್ರಕಾಶಂ ಅವರ ಕಾಲಕ್ಕೆ. ಮೂವತ್ತಾರು ವರ್ಷ!

ಗಮನಿಸಿ ಬಂಧುಗಳೇ. ಹೆಣ್ಣಿನ ಕಂಠ ಮಾರುವುದಕ್ಕೆ ಗ್ರಾಮಫೋನು ಕಂಪನಿಗೆ ಯಾವ ತಡೆಯೂ ಇರಲಿಲ್ಲ. ಅದೇ ಹೆಣ್ಣು ಪುಸ್ತಕ ಹಿಡಿದು ನಿಂತಾಗ, ಇದು ನನ್ನ ವಿಚಾರ, ಇವಳು ನನ್ನ ಹಿಂದಿನವಳು ಎಂದಾಗ ಕಾನೂನು ಎದ್ದು ಬಂತು.

ಕಾವೇರಿ ದಡದ ಕಲ್ಲು

ಈಗ ಮುಖ್ಯ ಸಂಗತಿಗೆ ಬರುತ್ತೇವೆ.

ತ್ಯಾಗರಾಜರ ಹೆಸರು ಕೇಳದವರಿಲ್ಲ. ಅವರು ತಂಜಾವೂರಿನ ಬಳಿಯ ತಿರುವಯ್ಯಾರಿನಲ್ಲಿ 1847ರ ಜನವರಿ 6ರಂದು ತೀರಿಕೊಂಡರು. ಕಾವೇರಿಯ ದಡದಲ್ಲಿ ಅವರ ಸಮಾಧಿ ಇತ್ತು. ನಾಡೆಲ್ಲ ಅವರ ಕೃತಿಗಳನ್ನು ಹಾಡುತ್ತಿತ್ತು, ಹಾಡಿ ಹಣ ಮಾಡುತ್ತಿತ್ತು; ಸಮಾಧಿಯ ಸುತ್ತ ಮುಳ್ಳು ಪೊದೆ ಬೆಳೆದಿತ್ತು. 1921ರಲ್ಲಿ ಮೈಸೂರಿನ ವಿದ್ವಾನ್ ಬಿಡಾರಂ ಕೃಷ್ಣಪ್ಪನವರು ಇದನ್ನು ಕಣ್ಣಾರೆ ಕಂಡು ನಾಗರತ್ನಮ್ಮನವರಿಗೆ ಕಾಗದ ಬರೆದರು. ಆ ಕಾಗದ ಓದಿದ ಮೇಲೆ ಆಕೆಯ ಬಾಳು ಬೇರೆ ದಾರಿ ಹಿಡಿಯಿತು.

ಜಾಗ ಬಿಡಿಸಿಕೊಳ್ಳುವುದು ಸುಲಭವಾಗಿರಲಿಲ್ಲ. ಕಚೇರಿ ಕಚೇರಿ ಅಲೆಯಬೇಕಾಯಿತು. ಅಲೆದರು. ಮುಳ್ಳು ಕಡಿಸಿದರು. ಕಲ್ಲು ತರಿಸಿದರು. ತಮ್ಮ ಗಳಿಕೆಯನ್ನೆಲ್ಲ ಅಲ್ಲಿ ಸುರಿದರು. ಒಡವೆ ಹೋಯಿತು, ಮದರಾಸಿನ ಮನೆಯೂ ಹೋಯಿತು. ಗುಡಿ ಎದ್ದಿತು. 1925ರ ಜನವರಿ 7ರಂದು ಪ್ರತಿಷ್ಠೆಯಾಯಿತು.

ಗುಡಿ ಎದ್ದ ಮೇಲೆ ಆರಾಧನೆ. ವರ್ಷಕ್ಕೊಮ್ಮೆ ವಿದ್ವಾಂಸರೆಲ್ಲ ಕೂಡಿ ಅಲ್ಲಿ ಹಾಡುತ್ತಿದ್ದರು. ಅವರಲ್ಲಿ ಎರಡು ಕಟ್ಟು: ದೊಡ್ಡ ಕಟ್ಟು, ಚಿಕ್ಕ ಕಟ್ಟು. ಒಬ್ಬರನ್ನು ಕಂಡರೆ ಒಬ್ಬರಿಗೆ ಆಗದು. ಒಬ್ಬರು ಹೌದೆಂದದ್ದನ್ನು ಇನ್ನೊಬ್ಬರು ಅಲ್ಲವೆನ್ನುತ್ತಿದ್ದರು. ಆದರೆ ಒಂದೇ ಒಂದು ವಿಷಯದಲ್ಲಿ ಎರಡೂ ಕಟ್ಟಿನವರಿಗೆ ಪೂರ್ಣ ಒಮ್ಮತವಿತ್ತು: ಹೆಂಗಸರು ಇಲ್ಲಿ ಹಾಡಕೂಡದು.

ನೆಲ ಬಿಡಿಸಿದಾಕೆ ನಾಗರತ್ನಮ್ಮ. ಕಲ್ಲು ಕೊಟ್ಟಾಕೆ ನಾಗರತ್ನಮ್ಮ. ಹಾಡಲು ಬಂದಾಗ ‘ನೀನು ಹೆಣ್ಣು, ಅದರಲ್ಲೂ ದೇವದಾಸಿ’ ಎಂದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆಯನ್ನು ಸಂಗೀತದ ಪಂಡಿತರು ರಾಗವಾಗಿ ಹಾಡಿದರೆನ್ನಬೇಕು.

ಆಕೆ ಏನು ಮಾಡಿದರು? ಅಳುತ್ತ ಮನೆಗೆ ಹೋಗಲಿಲ್ಲ. ತಾನು ಕಟ್ಟಿದ್ದನ್ನು ಒಡೆಯಲೂ ಇಲ್ಲ. ಹಾಡುಗಾರ್ತಿಯರನ್ನೆಲ್ಲ ಒಟ್ಟುಗೂಡಿಸಿ ಮೂರನೆಯ ಕಟ್ಟು ಕಟ್ಟಿದರು. ಮುಂದೆ ಗಂಡಸರು ಹಾಡುತ್ತಿದ್ದರೆ ಸಮಾಧಿಯ ಹಿಂಬದಿಯಲ್ಲಿ ಹೆಂಗಸರ ಕಛೇರಿ ಆರಂಭವಾಯಿತು. ಒಂದು ವರ್ಷವಲ್ಲ, ಎರಡು ವರ್ಷವಲ್ಲ. ವರ್ಷವರ್ಷವೂ ಬಿಡದೆ ಹಾಡಿದರು. ಕೊನೆಗೆ 1940ರ ಹೊತ್ತಿಗೆ ಮೂರು ಕಟ್ಟುಗಳೂ ಒಂದಾಗುವ ಹಾಗಾಯಿತು. ಹೆಂಗಸರಿಗೆ ಹಾಡುವ ಹಕ್ಕು ಸಿಕ್ಕಿತು. ಯಾರೋ ದಯಮಾಡಿ ಕೊಟ್ಟದ್ದಲ್ಲ, ಗಂಟಲು ಹರಿದು ತೆಗೆದುಕೊಂಡದ್ದು.

ಅದೂ ಸಾಲದೆಂದು ಅವರು ಉಯಿಲು ಬರೆಸಿದರು. ಉಳಿದ ಆಸ್ತಿಯನ್ನು ಆ ಸಮಾಧಿಯ ಸೇವೆಗೇ ಬಿಟ್ಟರು. ಜೊತೆಗೆ ಹೆಂಗಸರಿಗೆ, ದೇವದಾಸಿಯರೂ ಸೇರಿ, ಅಲ್ಲಿ ಹಾಡುವ ಹಕ್ಕು ಇರಬೇಕೆಂದು ಬರೆಸಿದರು. ಬಾಯಿಮಾತಿನ ಒಪ್ಪಂದ ನಾಳೆ ಇರುವುದಿಲ್ಲವೆಂದು ಆಕೆಗೆ ಗೊತ್ತಿತ್ತು. ನಾವು ಯೂನಿಯನ್ನಿನವರು ಹೇಳುವುದೂ ಅದೇ ಅಲ್ಲವೇ? ಮಾಲೀಕರು ಬಾಯಲ್ಲಿ ಒಪ್ಪಿದ್ದನ್ನು ನಂಬಬೇಡಿ, ಕಾಗದದ ಮೇಲೆ ಬರೆಸಿಕೊಳ್ಳಿ ಎಂದು.

ಕೊನೆಯ ವರ್ಷಗಳನ್ನು ತಿರುವಯ್ಯಾರಿನಲ್ಲೇ ಕಳೆದು 1952ರ ಮೇ 19ರಂದು ಕಣ್ಣು ಮುಚ್ಚಿದರು. ತ್ಯಾಗರಾಜರ ಸಮಾಧಿಯ ಎದುರಿಗೇ ಆಕೆಯ ಸ್ಮಾರಕವಿದೆ. ನಂಜನಗೂಡಿನ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿ ಸೇರುತ್ತದೆ. ಅದೇ ನೀರು ಹೊಗೇನಕಲ್ಲಿನಲ್ಲಿ ಧುಮುಕಿ ತಿರುವಯ್ಯಾರಿಗೆ ಹರಿಯುತ್ತದೆ. ಹುಟ್ಟಿದೂರಿನ ನೀರಿನ ದಡದಲ್ಲೇ ಆಕೆ ಮಲಗಿದ್ದಾರೆ.

ಸಮುದ್ರದಾಚೆ ಇನ್ನೊಬ್ಬಾಕೆ

ಇದು ನಮ್ಮ ದೇಶದ ಜಾತಿಯ ರೋಗ ಮಾತ್ರ ಎಂದು ತಿಳಿಯಬೇಡಿ. ಅಮೆರಿಕೆಯ ಮಿಸಿಸಿಪ್ಪಿ ಸೀಮೆಯಲ್ಲಿ ದೊಡ್ಡ ದೊಡ್ಡ ಹತ್ತಿ ತೋಟಗಳಿದ್ದವು. ಗುಲಾಮಗಿರಿ 1865ರಲ್ಲಿ ಹೋದರೂ ಕರಿಯರ ಪಾಡು ಬದಲಾಗಲಿಲ್ಲ. ಧಣಿಯ ನೆಲ, ಧಣಿಯ ಅಂಗಡಿ, ಧಣಿಯ ಲೆಕ್ಕದ ಪುಸ್ತಕ. ವರ್ಷವಿಡೀ ದುಡಿದರೂ ಸುಗ್ಗಿಯಲ್ಲಿ ಲೆಕ್ಕ ನೋಡಿದರೆ ಸಾಲವೇ ಉಳಿಯುತ್ತಿತ್ತು. ನಮ್ಮ ಅಜ್ಜ ಅಜ್ಜಿಯರು ಕಂಗಾಣಿಯ ಹಿಂದೆ ಘಟ್ಟ ಹತ್ತಿ ಕಂಡ ಬಾಳೂ ಅದೇ. ಆ ಹೊಲಗಳ ದುಃಖದಿಂದ ಹುಟ್ಟಿದ ಹಾಡಿಗೆ ‘ಬ್ಲೂಸ್’ ಎಂದು ಹೆಸರು.

ಆ ಹಾಡಿನ ರಾಣಿ ಎನಿಸಿದವರು ಬೆಸ್ಸಿ ಸ್ಮಿತ್. 1894ರಲ್ಲಿ ಟೆನೆಸ್ಸಿಯ ಚಾಟನೂಗ ಊರಿನಲ್ಲಿ ಹುಟ್ಟಿದರು. ಬಾಲ್ಯದಲ್ಲೇ ತಂದೆ ತಾಯಿ ಇಬ್ಬರೂ ಹೋದರು. ಅಣ್ಣ ಗಿಟಾರು ಬಾರಿಸಿದರೆ ತಂಗಿ ಬೀದಿಯಲ್ಲಿ ಹಾಡಿ ಕುಣಿದು ಕಾಸು ಕೂಡಿಸುತ್ತಿದ್ದಳು. 1923ರಲ್ಲಿ ಕೊಲಂಬಿಯ ಕಂಪನಿ ಆಕೆಯ ಮೊದಲ ತಟ್ಟೆ ತಂದಿತು; ಲಕ್ಷಗಟ್ಟಲೆ ಮಾರಾಟವಾಯಿತು. ಆಕೆಗೆ ಸಿಕ್ಕಿದ್ದು ಹಾಡಿಗಿಷ್ಟು ಎಂಬ ಇಡಿಗಂಟು ಕೂಲಿ. ಮಾರಾಟದಲ್ಲಿ ಪಾಲಿಲ್ಲ. ಹೂವಿನ ಕಟ್ಟಿಗಿಷ್ಟು ಎಂದು ಕೊಟ್ಟು ಕಳಿಸುತ್ತಾರಲ್ಲ, ಆ ಹೂ ಎಷ್ಟಕ್ಕೆ ಹೋಯಿತೆಂದು ಕೊಯ್ದವಳಿಗೆ ಯಾರು ಹೇಳುತ್ತಾರೆ?

1937ರ ಸೆಪ್ಟೆಂಬರಿನಲ್ಲಿ ಮೋಟಾರು ಅಪಘಾತದಲ್ಲಿ ಬೆಸ್ಸಿ ತೀರಿಕೊಂಡರು. ಫಿಲಡೆಲ್ಫಿಯದಲ್ಲಿ ಸಾವಿರಾರು ಜನ ಶವದ ಹಿಂದೆ ನಡೆದರು. ಆದರೆ ಗೋರಿಯ ಮೇಲೆ ಹೆಸರಿನ ಕಲ್ಲು ಇಡುವವರಿರಲಿಲ್ಲ. ಕಂಪನಿ ಆಕೆಯ ಹಾಡನ್ನು ಮತ್ತೆ ಮತ್ತೆ ಒತ್ತಿ ಮಾರಿತು. ಗೋರಿ ಮೂವತ್ತಮೂರು ವರ್ಷ ಬರಿದಾಗಿಯೇ ಇತ್ತು. 1970ರಲ್ಲಿ ಇಬ್ಬರು ಹೆಂಗಸರು ಸೇರಿ ಕಲ್ಲು ಹಾಕಿಸಿದರು. ಒಬ್ಬರು ಹೆಸರಾಂತ ಹಾಡುಗಾರ್ತಿ ಜಾನಿಸ್ ಜಾಪ್ಲಿನ್. ಇನ್ನೊಬ್ಬರು ಹ್ವಾನಿಟಾ ಗ್ರೀನ್. ಆಕೆ ಹುಡುಗಿಯಾಗಿದ್ದಾಗ ಬೆಸ್ಸಿಯ ಮನೆಯಲ್ಲಿ ಕಸಮುಸುರೆ ಮಾಡಿದ್ದವರು.

ಅಲ್ಲಿ ಹಾಡಿದಾಕೆಗೆ ಕಲ್ಲಿಲ್ಲ. ಇಲ್ಲಿ ಕಲ್ಲು ಹಾಕಿಸಿದಾಕೆಗೆ ಹಾಡಲು ಬಿಡಲಿಲ್ಲ. ಎರಡು ಕಡೆಯೂ ಕೊನೆಗೆ ಸರಿಪಡಿಸಿದವರು ಹೆಂಗಸರೇ.

ಮೂರು ಆಕ್ಷೇಪಣೆ

ಈ ಬರಹ ಅಚ್ಚಿಗೆ ಹೋಗುವ ಮೊದಲು ನಮ್ಮವರೇ ಮೂರು ಆಕ್ಷೇಪಣೆ ಎತ್ತಿದರು. ಮರೆಮಾಚದೆ ಹೇಳುತ್ತೇವೆ.

ಮೊದಲನೆಯದು: ‘ಆಕೆ ನಮ್ಮ ಧರ್ಮದವಳಲ್ಲ, ದೇವದಾಸಿ ಬೇರೆ. ಕ್ರೈಸ್ತ ಕಾರ್ಮಿಕರ ಪತ್ರಿಕೆಯಲ್ಲಿ ಆಕೆಯ ಸುದ್ದಿ ಏಕೆ?’ ಹೀಗೆ ಕೇಳುವವರು ಈಸ್ಟರ್ ಬೆಳಗಿನ ವಾಚನವನ್ನು ಮತ್ತೊಮ್ಮೆ ಮನಸ್ಸಿಟ್ಟು ಕೇಳಲಿ. ಶಿಷ್ಯರು ಬಾಗಿಲು ಹಾಕಿಕೊಂಡು ಕುಳಿತಿದ್ದಾಗ ಸಮಾಧಿಯ ಬಳಿಗೆ ಹೋದವರು ಯಾರು? ಮಗ್ದಲದ ಮರಿಯ ಮತ್ತು ಜೊತೆಯ ಹೆಂಗಸರು. ಅವರು ಓಡಿಬಂದು ಹೇಳಿದ್ದನ್ನು ಶಿಷ್ಯರು ನಂಬಿದರೇ? ಹುಚ್ಚು ಮಾತೆಂದು ತಳ್ಳಿದರು. ಮುಂದೆ ಎಷ್ಟೋ ಶತಮಾನ ಆ ಮರಿಯಳಿಗೆ ನಡತೆಗೆಟ್ಟವಳೆಂಬ ಹೆಸರು ಅಂಟಿಸಿದರು. ಸುವಾರ್ತೆಯಲ್ಲಿ ಎಲ್ಲೂ ಹಾಗೆ ಬರೆದಿಲ್ಲ. ಸಮಾಧಿಯ ಬಳಿ ನಿಂತ ಹೆಣ್ಣಿನ ಮಾತನ್ನು ನಂಬದಿರುವುದು ನಮ್ಮ ಮನೆಯಲ್ಲೂ ಹಳೆಯ ರೋಗವೇ.

ಎರಡನೆಯದು: ‘ದೇವದಾಸಿ ಪದ್ಧತಿ ನಿಲ್ಲಿಸುವ ಕಾನೂನನ್ನು ಆಕೆ ವಿರೋಧಿಸಿದರು. ಅಂಥವರನ್ನು ಹೊಗಳುವುದೇ?’ ಇದು ತೂಕವುಳ್ಳ ಮಾತು. ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು 1927ರಲ್ಲಿ ಮದರಾಸಿನ ಶಾಸನಸಭೆಯಲ್ಲಿ ಈ ವಿಚಾರ ಎತ್ತಿದಾಗ ನಾಗರತ್ನಮ್ಮನವರು ಎದುರು ನಿಂತದ್ದು ನಿಜ. ಮುತ್ತುಲಕ್ಷ್ಮಿಯವರ ತಾಯಿಯೂ ಅದೇ ಮನೆತನದವರು. ಅವರು ನೋವು ಅರಿಯದವರಲ್ಲ. ಏನೂ ಅರಿಯದ ಹೆಣ್ಣುಮಗುವಿಗೆ ತಾಳಿ ಕಟ್ಟಿ ದೇವರ ಹೆಸರಿನಲ್ಲಿ ಧಣಿಗಳಿಗೆ ಒಪ್ಪಿಸುವ ಪದ್ಧತಿ ಪಾಪದ ಪದ್ಧತಿ. ಅದು ನಿಲ್ಲಬೇಕಾಗಿತ್ತು. 1947ರಲ್ಲಿ ಮದರಾಸು ಸರ್ಕಾರ ಕಾನೂನು ಮಾಡಿದ್ದು ಸರಿ. ಈ ವಿಷಯದಲ್ಲಿ ನಾವು ನಾಗರತ್ನಮ್ಮನವರ ಪಕ್ಷದಲ್ಲಿಲ್ಲ.

ಆದರೆ ಅವರು ಕೇಳಿದ್ದರಲ್ಲಿ ಒಂದು ಮಾತನ್ನು ತಳ್ಳಿಹಾಕಲು ನಮಗೆ ಮನಸ್ಸು ಬರುವುದಿಲ್ಲ. ಕಲೆ ಕಲಿತು ಬದುಕುವ ನಮ್ಮನ್ನೆಲ್ಲ ಒಟ್ಟಾಗಿ ವೇಶ್ಯೆಯರೆಂದು ಬರೆಯುತ್ತೀರಿ. ನಮ್ಮನ್ನು ಒಂದು ಮಾತು ಕೇಳಿದಿರಾ ಎಂದು ಅವರು, ಅವರ ಸಂಗಡಿಗರು ಕೇಳಿದರು. ಕಸುಬು ನಿಂತ ಮೇಲೆ ಆ ಮನೆಗಳ ಹೆಂಗಸರ ಹೊಟ್ಟೆಪಾಡು ಏನು? ಕಾಲಕ್ರಮದಲ್ಲಿ ಅವರ ಹಾಡು, ಅವರ ನೃತ್ಯ ಮೇಲಿನ ಮನೆಗಳ ಮಕ್ಕಳ ಪಾಲಾಯಿತು, ಮರ್ಯಾದೆಯ ವಿದ್ಯೆಯಾಯಿತು. ಅವರ ಹೆಸರು ಅಳಿಸಿಹೋಯಿತು. ತೋಟದಲ್ಲಿ ಹಾಜರಿ ಪದ್ಧತಿ ಬದಲಾಯಿಸುವಾಗ ನಮ್ಮನ್ನು ಕೇಳದಿದ್ದರೆ ನಾವು ಸುಮ್ಮನಿರುತ್ತೇವೆಯೇ? ಒಳ್ಳೆಯದನ್ನೇ ಮಾಡಿದರೂ ಯಾರ ಬಾಳಿನ ಮಾತೋ ಅವರನ್ನು ಕೂರಿಸಿ ಕೇಳಬೇಕು.

ಮೂರನೆಯದು: ‘ಹಾಡು ಹೊಟ್ಟೆ ತುಂಬಿಸುತ್ತದೆಯೇ? ಕೂಲಿಯ ಮಾತಾಡಿ. ಅದೂ ಅಲ್ಲದೆ ಇವೆಲ್ಲ ಲೋಕದ ಹಾಡು, ಸೈತಾನನ ಹಾಡು.’ ಅಮೆರಿಕೆಯ ಕರಿಯರ ಸಭೆಗಳಲ್ಲೂ ಬ್ಲೂಸನ್ನು ಸೈತಾನನ ಹಾಡೆಂದೇ ಕರೆದಿದ್ದರು. ಥಾಮಸ್ ಡಾರ್ಸಿ ಎಂಬವರು ಬೋಧಕರ ಮಗ. ಬೆಸ್ಸಿಗಿಂತ ಹಿರಿಯಳಾದ ಮಾ ರೇನಿ ಎಂಬ ಬ್ಲೂಸ್ ಹಾಡುಗಾರ್ತಿಗೆ ಪಿಯಾನೋ ಬಾರಿಸುತ್ತಿದ್ದವರು. 1932ರಲ್ಲಿ ಹೆರಿಗೆಯಲ್ಲಿ ಹೆಂಡತಿ ಹೋದರು; ಹಿಂದೆಯೇ ಕೂಸೂ ಹೋಯಿತು. ಆ ದುಃಖದಲ್ಲಿ ಬ್ಲೂಸಿನದೇ ನಡೆಯಲ್ಲಿ ಅವರು ‘ಪ್ರೆಷಸ್ ಲಾರ್ಡ್’ ಎಂಬ ಕೀರ್ತನೆ ಕಟ್ಟಿದರು. ಅವರ ಹಾಡುಗಳನ್ನು ಮೊದಮೊದಲು ಬಾಗಿಲಿಂದಾಚೆ ಇಟ್ಟ ಸಭೆಗಳೂ ಇದ್ದವು. ಇಂದು ಲೋಕದ ನಾನಾ ಭಾಷೆಗಳಲ್ಲಿ ಶವಸಂಸ್ಕಾರದ ಹೊತ್ತಿಗೆ ಆ ಕೀರ್ತನೆ ಹಾಡುತ್ತಾರೆ. ಲೋಕದ ಹಾಡೂ ಸಭೆಯ ಹಾಡೂ ಒಂದೇ ಗಂಟಲಿನಿಂದ ಬಂದವು, ಒಂದೇ ದುಃಖದಿಂದ ಬಂದವು.

ಇನ್ನು ಹೊಟ್ಟೆಯ ಮಾತು. ನಮ್ಮ ಅಕ್ಕಂದಿರು ಮೇಸ್ತ್ರಿಯನ್ನು ಗೇಲಿ ಮಾಡುವ ಹಾಡನ್ನು ಕಿವಿಗೊಟ್ಟು ಕೇಳಿದ್ದೀರಾ? ತೂಕದಲ್ಲಿ ಮೋಸ, ಹಾಜರಿಯಲ್ಲಿ ಮೋಸ, ಬಸುರಿಗೂ ಬಿಡುವಿಲ್ಲ, ಔಷಧಿ ಹೊಡೆದ ಹಸಿರುಮನೆಗೆ ಕೂಡಲೇ ಒಳಗೆ ಕಳಿಸುತ್ತಾರೆ. ಇವೆಲ್ಲ ಆ ಹಾಡಿನಲ್ಲಿ ಮೊದಲೇ ಇದೆ. ನಾವು ಅದನ್ನು ಮನವಿ ಪತ್ರದಲ್ಲಿ ಬರೆದದ್ದು ಎಷ್ಟೋ ವರ್ಷದ ಮೇಲೆ. ಗಂಡಸರು ಇನ್ನೂ ತೋಟದ ಧಣಿಗೆ ಕೈಮುಗಿಯುತ್ತಿದ್ದಾಗ ಹೆಂಗಸರು ಹಾಡಿನಲ್ಲಿ ದೂರು ದಾಖಲು ಮಾಡಿದ್ದರು.

ಮುನ್ನಾರಿನ ಚಹಾ ತೋಟಗಳಲ್ಲಿ 2015ರಲ್ಲಿ ಏನಾಯಿತೆಂದು ಮರೆಯಬೇಡಿ. ಬೋನಸ್ಸನ್ನು ನೂರಕ್ಕೆ ಇಪ್ಪತ್ತರಿಂದ ಹತ್ತಕ್ಕೆ ಇಳಿಸಿದಾಗ ಎಲೆ ಕೀಳುವ ಹೆಂಗಸರು ಸಾವಿರಾರು ಜನ ರಸ್ತೆಗಿಳಿದರು. ‘ಪೆಂಬಿಳೈ ಒರುಮೈ’ ಎಂದು ತಮಗೆ ತಾವೇ ಹೆಸರಿಟ್ಟುಕೊಂಡರು. ಸಂಧಾನಕ್ಕೆ ಬಂದ ಗಂಡಸು ಮುಖಂಡರನ್ನು ಹತ್ತಿರ ಸೇರಿಸಲಿಲ್ಲ, ನಮ್ಮ ಮಾತನ್ನು ನಾವೇ ಆಡುತ್ತೇವೆಂದರು. ಒಂಬತ್ತು ದಿನದಲ್ಲಿ ಇಪ್ಪತ್ತನ್ನು ಮರಳಿ ಪಡೆದರು. ಆ ಒಂಬತ್ತು ದಿನ ಆ ಗಂಡಸರಿಗೆ ಆದ ನಾಚಿಕೆ ನಮಗೆ ಆಗಬಾರದೆಂದಿದ್ದರೆ ಈಗಲೇ ಎಚ್ಚರಾಗಬೇಕು. ಅಥವಾ ನಾಚಿಕೆಯಾದರೂ ಆಗಲಿ, ಒಳ್ಳೆಯದೇ.

ಏನು ಮಾಡಬೇಕು?

ಕಣ್ಣೀರು ಸುರಿಸಿ ಮುಗಿಸುವುದಕ್ಕೆ ಇದನ್ನು ಬರೆಯುತ್ತಿಲ್ಲ. ಸಂಘದ ಮುಂದಿನ ಸಾಮಾನ್ಯ ಸಭೆಗೆ ನಾವು ಐದು ಮಾತು ತರುತ್ತೇವೆ. ಈಗಲೇ ಹೇಳಿಬಿಡುತ್ತೇವೆ, ಯಾರೂ ಆಮೇಲೆ ಗೊತ್ತಿರಲಿಲ್ಲ ಎನ್ನಬಾರದು.

ಒಂದು, ವೇದಿಕೆಯ ಮೇಲೆ ಎಷ್ಟು ಕುರ್ಚಿಯೋ ಅದರಲ್ಲಿ ಅರ್ಧ ಹೆಂಗಸರಿಗೆ. ಹೂಮಾಲೆ ಹಾಕಿಸಿಕೊಳ್ಳುವುದಕ್ಕಲ್ಲ, ಮಾತಾಡುವುದಕ್ಕೆ. ನಮ್ಮಲ್ಲಿ ಯಾರು ಏಳಬೇಕೆಂದು ಕೇಳಿದರೆ, ಈ ಬರಹದ ಕುರ್ಚಿಯಿಂದಲೇ ಆರಂಭವಾಗಲಿ.

ಎರಡು, ಕಾರ್ಯಸಮಿತಿಯಲ್ಲೂ ಅರ್ಧ. ಕೂಲಿಯ ಮಾತುಕತೆಗೆ ತೋಟದ ಆಫೀಸಿಗೆ ಹೋಗುವಾಗ ಹೂ ಕೊಯ್ಯುವವರು, ಕಟ್ಟು ಕಟ್ಟುವವರು ಜೊತೆಗಿರಬೇಕು. ಸಮಾನ ಕೂಲಿಯ ಕಾಯಿದೆ 1976ರಲ್ಲೇ ಬಂತು. ಅಂದಿನಿಂದ ಆ ಮಾತನ್ನು ಗಂಡಸರೇ ಆಡುತ್ತ ಬಂದಿದ್ದೇವೆ. ಬಟವಾಡೆಯ ದಿನ ಎರಡು ಬಗೆಯ ಲಕೋಟೆ ಇನ್ನೂ ಕಾಣುತ್ತಿದ್ದರೆ, ಆಡಿದವರನ್ನು ಬದಲಾಯಿಸಿ ನೋಡುವುದು ಬೇಡವೇ?

ಮೂರು, ಸಭೆ ಸಂಜೆ ಏಳಕ್ಕೆ ಇಡುವುದು ನಿಲ್ಲಲಿ. ಆ ಹೊತ್ತಿಗೆ ಒಲೆ ಮುಂದೆ ಯಾರಿರುತ್ತಾರೆಂದು ನಮಗೆ ಗೊತ್ತಿಲ್ಲವೇ? ಭಾನುವಾರ ಪೂಜೆ ಮುಗಿದ ಮೇಲೆ ಇಡೋಣ. ಟೀ ಗಂಡಸರು ಕಾಯಿಸಲಿ. ಕೈ ಸುಟ್ಟುಕೊಳ್ಳುವುದಿಲ್ಲ.

ನಾಲ್ಕು, ನಮ್ಮ ಮುದುಕಿಯರ ಹಾಡುಗಳನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡಬೇಕು. ಕನ್ನಡದ್ದು, ತೆಲುಗಿನದು, ತಮಿಳಿನದು, ಮೂರೂ ಬೆರೆತದ್ದು, ಹೇಗಿದೆಯೋ ಹಾಗೆ. ಪ್ರತಿ ಹಾಡಿನ ಮೇಲೆ ಹಾಡಿದವರ ಹೆಸರು, ಅವರಿಗೆ ಕಲಿಸಿದವರ ಹೆಸರು. ಈಚೆಗೆ ಹುಡುಗನೊಬ್ಬ ಒಬ್ಬ ಅಜ್ಜಿಯ ಹಾಡನ್ನು ಮೊಬೈಲಿನಲ್ಲಿ ಹಿಡಿದು, ತನ್ನ ಹೆಸರಿನ ಕೆಳಗೆ ಊರಿಗೆಲ್ಲ ಹಂಚಿದ. ಅಜ್ಜಿಯ ಮುಖವೂ ಅದರಲ್ಲಿಲ್ಲ. ಹುಡುಗ ಕೆಟ್ಟವನಲ್ಲ, ಹಾಡಿಗೆ ಒಡತಿ ಇರುತ್ತಾಳೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವರು ನಾವು.

ಐದು, ಇನ್ನು ಮುಂದೆ ನಾವು ಏನನ್ನು ಕಟ್ಟಿದರೂ, ಅದು ಸಂಘದ ಕೊಠಡಿಯಾಗಲಿ, ಶಿಶುವಿಹಾರವಾಗಲಿ, ಕಲ್ಲಿನ ಮೇಲೆ ಬರೀ ಉದ್ಘಾಟಕರ ಹೆಸರು, ದಾನಿಗಳ ಹೆಸರು ಕೆತ್ತಿಸಕೂಡದು. ನೆಲ ಸಮ ಮಾಡಿದವರ, ಜಲ್ಲಿ ಹೊತ್ತವರ, ಗಾರೆ ಕಲಸಿದವರ ಹೆಸರೂ ಇರಲಿ. ಕಲ್ಲಿನಲ್ಲಿ ಜಾಗ ಸಾಲದೆಂದರೆ ದೊಡ್ಡ ಕಲ್ಲು ತರೋಣ. ಕಲ್ಲಿಗೆ ಕೃಷ್ಣಗಿರಿ ಜಿಲ್ಲೆಯಲ್ಲಿ ಬರಗಾಲವೇ?

ಇದಕ್ಕೆಲ್ಲ ‘ನಿಧಾನವ��ಗಿ ನೋಡೋಣ’ ಎನ್ನುವವರು ಇದ್ದೇ ಇರುತ್ತಾರೆ. ತಿರುವಯ್ಯಾರಿನಲ್ಲೂ ಇದ್ದರು. ಅವರು ನಿಧಾನವಾಗಿ ನೋಡುತ್ತಿರುವಾಗ ಒಂದು ತಲೆಮಾರಿನ ಹಾಡುಗಾರ್ತಿಯರು ಸಮಾಧಿಯ ಹಿಂಬದಿಯಲ್ಲಿ ಹಾಡಿ ಹಾಡಿ ಮುದುಕಿಯರಾದರು. ದೊಡ್ಡ ಕಟ್ಟಿನವರು ಯಾರು, ಚಿಕ್ಕ ಕಟ್ಟಿನವರು ಯಾರು ಎಂದು ಕೇಳಿದರೆ ಇಂದು ಪಂಡಿತರನ್ನು ಬಿಟ್ಟರೆ ಹೇಳುವವರಿಲ್ಲ. ಹೊರಗೆ ನಿಲ್ಲಿಸಿದ್ದ ಆ ಒಬ್ಬಾಕೆಯ ಸ್ಮಾರಕದ ಮುಂದೆ ಆರಾಧನೆಗೆ ಬಂದವರು ಇಂದಿಗೂ ಕೈಮುಗಿದು ಮುಂದೆ ಹೋಗುತ್ತಾರೆ.

ಹೂವಿನ ಬಕೆಟ್ಟು ಕೆಳಗಿಟ್ಟು ನಮ್ಮನ್ನು ಕೇಳಿದ ಅಕ್ಕನವರೇ, ನಿಮ್ಮ ಗಂಟಲೂ ಬೇಕು, ನಿಮ್ಮ ಮಾತೂ ಬೇಕು. ಬರುವ ಸಭೆಗೆ ಬನ್ನಿ, ಸಂಗಡಿಗರನ್ನೂ ಕರೆತನ್ನಿ. ಮೊದಲ ಸಾಲಿನಲ್ಲಿ ಅಲ್ಲ, ವೇದಿಕೆಯ ಮೇಲೆ ಕೂಡಿ. ಹಾಡಬೇಕೆನಿಸಿದರೆ ಹಾಡಿ, ಬೇಡವೆನಿಸಿದರೆ ಹಾಡಬೇಡಿ. ಮಾತಾಡಿ. ಈ ಸಲ ವರದಿ ಬರೆಯುವಾಗ ನಿಮ್ಮ ಹೆಸರು ಮೊದಲು ಬರುತ್ತದೆ. ಬರದಿದ್ದರೆ ಆ ಕಾಗದವನ್ನು ಎಲ್ಲರ ಎದುರಿಗೆ ಹರಿದುಹಾಕಿ, ನಾವು ಎದುರಾಡುವುದಿಲ್ಲ.